ಲೇಟೆಕ್‌ನಲ್ಲಿ ಗಣಿತದ ಅಭ್ಯಾಸಹಾಳೆ: ಉತ್ತರಗಳಿಗೆ ಚೌಕಟ್ಟು ಹಾಕುವುದು, ಬೇಕಾದಾಗ ಮರೆಮಾಡುವುದು ಹೇಗೆ?

ಆಜ್ಞೆಗಳನ್ನು ಬರೆದು ದಾಖಲೆಗಳನ್ನು ರೂಪಿಸುವ ತಂತ್ರಾಂಶವಾದ ಲೇಟೆಕ್‌ನಲ್ಲಿ ತಯಾರಿಸುವ ಹತ್ತನೆಯ ತರಗತಿಯ ಗಣಿತದ ಅಭ್ಯಾಸಹಾಳೆಯಲ್ಲಿ ಪ್ರತಿ ಲೆಕ್ಕದ ಉತ್ತರ ಚೌಕಟ್ಟಿನೊಳಗೆ ಬರಬೇಕು, ಮಕ್ಕಳಿಗೆ ಕೊಡುವ ಪ್ರತಿಯಲ್ಲಿ ಮಾತ್ರ ಅದು ಕಾಣಬಾರದು ಎಂದು ಕೇಳಿದ್ದೀರಿ. ಇದಕ್ಕೆ ನಾನು ಬಳಸುವುದು ಫಿಲಿಪ್ ಹಿರ್ಷ್‌ಹಾರ್ನ್ ಅವರು ಬರೆದ ‘ಎಕ್ಸಾಮ್’ ಎಂಬ ಡಾಕ್ಯುಮೆಂಟ್ ಕ್ಲಾಸನ್ನು, ಅಂದರೆ ದಾಖಲೆಯ ಒಟ್ಟು ವಿನ್ಯಾಸವನ್ನು ನಿರ್ಧರಿಸುವ ಸಿದ್ಧ ಮಾದರಿಯನ್ನು. ಪ್ರಶ್ನೆಯ ಕೆಳಗೇ ‘ಸಲ್ಯೂಷನ್’ ಎನ್ವಿರಾನ್‌ಮೆಂಟಿನಲ್ಲಿ (ಆರಂಭ, ಅಂತ್ಯದ ಆಜ್ಞೆಗಳ ನಡುವಿನ ಭಾಗದಲ್ಲಿ) ಉತ್ತರವನ್ನು ಬರೆದು, ಕಡತದ ಆರಂಭದಲ್ಲಿ ‘ಪ್ರಿಂಟ್‌ಆನ್ಸರ್ಸ್’ ಆಜ್ಞೆ ಕೊಟ್ಟರೆ ಉತ್ತರಗಳು ಚೌಕಟ್ಟಿನ ಸಮೇತ ಮೂಡುತ್ತವೆ. ಆ ಸಾಲಿನ ಮೊದಲಿಗೆ ಶೇಕಡಾ ಚಿಹ್ನೆ ಹಾಕಿ (ಆಗ ಲೇಟೆಕ್ ಆ ಸಾಲನ್ನು ಕಡೆಗಣಿಸುತ್ತದೆ) ಮತ್ತೆ ಕಂಪೈಲ್ ಮಾಡಿದರೆ, ಅಂದರೆ ಕಡತದಿಂದ ಪಿಡಿಎಫ್ ತಯಾರಿಸಿದರೆ, ಪ್ರಶ್ನೆಗಳಷ್ಟೇ ಉಳಿಯುತ್ತವೆ. ಪ್ರಶ್ನೆಗೊಂದು, ಉತ್ತರಕ್ಕೊಂದು ಎಂದು ಎರಡು ಕಡತಗಳನ್ನು ದಯವಿಟ್ಟು ಇಟ್ಟುಕೊಳ್ಳಬೇಡಿ. ಒಂದರಲ್ಲಿ ತಿದ್ದಿದ ಅಂಕಿ ಇನ್ನೊಂದರಲ್ಲಿ ಹಾಗೆಯೇ ಉಳಿದರೆ ತೊಂದರೆಯಾಗುವುದು ಮಕ್ಕಳಿಗೆ.

ಇದರಲ್ಲೊಂದು ತೊಡಕಿದೆ. ಉತ್ತರಗಳನ್ನು ತೆಗೆದೊಡನೆ ಕೆಳಗಿನ ಪ್ರಶ್ನೆಗಳು ಮೇಲಕ್ಕೆ ಸರಿದು, ಶಿಕ್ಷಕರ ಕೈಯಲ್ಲಿರುವ ಪ್ರತಿಗೂ ಮಕ್ಕಳ ಪ್ರತಿಗೂ ಪುಟಸಂಖ್ಯೆ ಹೊಂದುವುದಿಲ್ಲ. ಹಾಗಾಗಿ ‘ಸಲ್ಯೂಷನ್‌ಬಾಕ್ಸ್’ ಎನ್ವಿರಾನ್‌ಮೆಂಟೇ ನನಗೆ ಹೆಚ್ಚು ಹಿಡಿಸುತ್ತದೆ. ಅದಕ್ಕೆ 4 ಸೆಂ.ಮೀ. ಎಂದು ಎತ್ತರ ಕೊಟ್ಟರೆ, ಉತ್ತರ ಅಚ್ಚಾದರೂ ಆಗದಿದ್ದರೂ ಅಷ್ಟೇ ಎತ್ತರದ ಚೌಕಟ್ಟು ಅಲ್ಲಿರುತ್ತದೆ, ಖಾಲಿ ಇದ್ದಾಗ ವಿದ್ಯಾರ್ಥಿ ಅದರೊಳಗೇ ಲೆಕ್ಕ ಬಿಡಿಸಬಹುದು. ಆದರೆ ಉತ್ತರ ಉದ್ದವಾದರೆ ಚೌಕಟ್ಟು ತಾನಾಗಿ ಹಿಗ್ಗುವುದಿಲ್ಲ. ವರ್ಗಸಮೀಕರಣವೊಂದರ ಮೂಲಗಳಿಗೆ ಸಾಕಾಗುವ ಜಾಗ ಥೇಲ್ಸ್‌ನ ಪ್ರಮೇಯದ ಸಾಧನೆಗೆ ಸಾಲದು. ಆದ್ದರಿಂದ ಉತ್ತರಸಹಿತ ಪ್ರತಿಯನ್ನು ಮೊದಲು ತೆಗೆದು ನೋಡಿ, ಅಳತೆಯನ್ನು ಆಮೇಲೆ ನಿಗದಿಪಡಿಸಿ.

ಕನ್ನಡ ಅಕ್ಷರಗಳಿಗಾಗಿ ಫಾಂಟ್ ಆರಿಸಲು ನೆರವಾಗುವ ‘ಫಾಂಟ್‌ಸ್ಪೆಕ್’ ಪ್ಯಾಕೇಜಿನೊಡನೆ (ಹೆಚ್ಚುವರಿ ಆಜ್ಞೆಗಳ ಕಟ್ಟು), ಯೂನಿಕೋಡ್ ಅಕ್ಷರಗಳನ್ನು ನೇರವಾಗಿ ಓದಬಲ್ಲ ಲೇಟೆಕ್ ರೂಪವಾದ ಜೀಲೇಟೆಕ್‌ನಲ್ಲಿ ಕಂಪೈಲ್ ಮಾಡಿ. ನೋಟೋ ಸೆರಿಫ್ ಕನ್ನಡ ಫಾಂಟಿನಲ್ಲಿ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಚೌಕಟ್ಟಿನೊಳಗೆ ತಾನಾಗಿ ಬರುವ ಇಂಗ್ಲಿಷ್ ಶೀರ್ಷಿಕೆಯ ಬದಲು ‘ಉತ್ತರ’ ಎಂದು ಬರಬೇಕಾದರೆ ‘ಸಲ್ಯೂಷನ್‌ಟೈಟಲ್’ ಆಜ್ಞೆಯನ್ನು ಮರುವ್ಯಾಖ್ಯಾನಿಸಿದರಾಯಿತು.

ಉತ್ತರವನ್ನು ಬಿಳಿಯ ಬಣ್ಣದಲ್ಲಿ ಅಚ್ಚುಮಾಡಿ ಮರೆಮಾಡುವ ಸಲಹೆಯನ್ನು ಕೆಲವರು ಕೊಡುತ್ತಾರೆ, ಅದನ್ನು ಖಂಡಿತ ಪಾಲಿಸಬೇಡಿ. ಪಿಡಿಎಫ್‌ನಲ್ಲಿ ಆ ಜಾಗವನ್ನು ಸೆಲೆಕ್ಟ್ ಮಾಡಿ ಕಾಪಿ ಮಾಡಿದರೆ ಉತ್ತರ ಸಿಕ್ಕಿಬಿಡುತ್ತದೆ. ಒತ್ತಿದಾಗ ತೆರೆದುಕೊಳ್ಳುವ ಪಿಡಿಎಫ್ ಲೇಯರ್‌ಗಳು ಸ್ವಂತ ಅಭ್ಯಾಸಕ್ಕೆ ಸೊಗಸಾಗಿವೆಯಾದರೂ ಎಲ್ಲ ಮೊಬೈಲ್ ರೀಡರ್‌ಗಳಲ್ಲೂ ಅವು ನಡೆಯುವುದಿಲ್ಲ, ಮೇಲಾಗಿ ಉತ್ತರ ಕಡತದೊಳಗೇ ಇರುತ್ತದೆ.

ನಿಮ್ಮ ಹಳೆಯ ಹಾಳೆಗಳು ‘ಆರ್ಟಿಕಲ್’ ಕ್ಲಾಸಿನಲ್ಲಿದ್ದು ಬದಲಿಸಲು ಮನಸ್ಸಿಲ್ಲದಿದ್ದರೆ, ‘ಟಿಕಲರ್‌ಬಾಕ್ಸ್’ ಪ್ಯಾಕೇಜಿನಿಂದ ಉತ್ತರದ ಚೌಕಟ್ಟನ್ನು ರಚಿಸಿ, ‘ಕಾಮೆಂಟ್’ ಪ್ಯಾಕೇಜಿನ ‘ಎಕ್ಸ್‌ಕ್ಲೂಡ್‌ಕಾಮೆಂಟ್’ ಆಜ್ಞೆಯಿಂದ ಅದನ್ನು ಮರೆಮಾಡಬಹುದು. ಆಗ ಎನ್ವಿರಾನ್‌ಮೆಂಟನ್ನು ಮುಗಿಸುವ ‘ಎಂಡ್’ ಆಜ್ಞೆ ಪ್ರತ್ಯೇಕ ಸಾಲಿನಲ್ಲಿ ಒಂಟಿಯಾಗಿಯೇ ಇರಬೇಕು.