‘ಜೆಜೂನ್’ ಅಂದರೆ ಸಪ್ಪೆಯೋ, ಬಾಲಿಶವೋ?

ಎರಡೂ ಹೌದು. ಆದರೆ ಹುಟ್ಟಿನಲ್ಲಿ ಈ ಇಂಗ್ಲಿಷ್ ಪದಕ್ಕೂ ಎಳೆತನಕ್ಕೂ ಸಂಬಂಧವೇ ಇರಲಿಲ್ಲ.

ಮೂಲ ಲ್ಯಾಟಿನ್‌ನದು. ಅಲ್ಲಿ ಇದಕ್ಕೆ ಉಪವಾಸವಿರುವ, ಖಾಲಿ ಹೊಟ್ಟೆಯ ಎಂಬ ಅರ್ಥ. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಹೊಟ್ಟೆ ತುಂಬದ ಊಟದಂಥ ಬರಹಕ್ಕೂ, ಸತ್ವವಿಲ್ಲದ ಮಾತಿಗೂ ಬಳಕೆಯಾಯಿತು. ಸಣ್ಣ ಕರುಳಿನ ನಡುಭಾಗವನ್ನು ಡಾಕ್ಟರುಗಳು ‘ಜೆಜುನಮ್’ ಅನ್ನುತ್ತಾರಲ್ವಾ, ಅದೂ ಇದೇ ಬೇರಿನದು. ಹಿಂದಿನವರು ಹೆಣ ಕೊಯ್ದು ನೋಡಿದಾಗ ಆ ಭಾಗ ಖಾಲಿ ಕಾಣುತ್ತಿತ್ತಂತೆ! ಮಧ್ಯಾಹ್ನದ ಊಟಕ್ಕೆ ಫ್ರೆಂಚರು ಹೇಳುವ ‘ದೆಜುನೆ’ ಕೂಡ ಇದರ ನೆಂಟನೇ. ಉಪವಾಸ ಮುರಿಯುವುದು ಎಂಬುದು ಅದರ ಮೂಲಾರ್ಥ.

ಬಾಲಿಶ ಎಂಬ ಅರ್ಥ ಅಂಟಿಕೊಂಡದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ. ಎಳೆಯ ವಯಸ್ಸಿನ ಎಂಬ ಅರ್ಥದ ‘ಜುವೆನೈಲ್’ನಂಥ ಪದಗಳ ಜೊತೆ ದನಿ ಹೋಲುತ್ತದೆ, ಜನ ಅದನ್ನೂ ಇದನ್ನೂ ಬೆರೆಸಿರಬೇಕು ಎಂಬುದು ನಿಘಂಟುಕಾರರ ಊಹೆ. ಇದು ತಪ್ಪು ಬಳಕೆ ಅಂತ ಈಗಲೂ ಮೂಗು ಮುರಿಯುವವರಿದ್ದಾರೆ. ನನಗೇನೋ ಅದು ಸುಮ್ನೆ ಹಟ ಅನ್ನಿಸುತ್ತದೆ. ಇಂದಿನ ನಿಘಂಟುಗಳು ಎರಡೂ ಅರ್ಥ ಕೊಡುತ್ತವೆ. ಬರೀ ಬಾಲಿಶ ಅನ್ನುವುದಷ್ಟೇ ಬೇಕಿದ್ದರೆ ‘ಪ್ಯೂರೈಲ್’ ಬಳಸಿ. ಅದು ಹುಡುಗ ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಬಂದದ್ದು.