ರಾತ್ರಿ ಫೋಟೋಗೆ ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ಅಪರ್ಚರ್ ಎಷ್ಟಿಡಬೇಕು?

ನಿಮ್ಮ ಹತ್ರ ಎಫ್/1.8ರಿಂದ ಶುರುವಾಗುವ, ಒಂದು ಇಂಚಿನ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್) ಇರುವ ಪುಟ್ಟ ಕ್ಯಾಮೆರಾ ಇದೆ. ನೃಪತುಂಗ ಬೆಟ್ಟದಿಂದ ಹುಬ್ಬಳ್ಳಿಯ ದೀಪಗಳನ್ನು ತೆಗೆಯಲು ಹೋಗಿದ್ದಿರಿ. ಡಿಎಸ್ಎಲ್ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ಇರುವ ಗೆಳೆಯರು ಹೇಳಿದಂತೆ ಎಫ್/11 ಇಟ್ಟರೆ ಚಿತ್ರ ಮಸುಕಾಗಿ ಬಂತು, ಯಾಕೆ ಅಂತ ಕೇಳಿದ್ದೀರಿ.

ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬರುವ ತೂತು. ಎಫ್ ನಂಬರ್ ದೊಡ್ಡದಾದಷ್ಟು ಆ ತೂತು ಚಿಕ್ಕದು. ನೀವು ಎಫ್/2.8ಕ್ಕೆ ಬನ್ನಿ. ಜಾಸ್ತಿ ಅಂದರೆ ಎಫ್/4. ಅದರಾಚೆ ರಾತ್ರಿ ಹೊತ್ತು ಹೋಗಲೇಬೇಡಿ.

ನಿಮ್ಮ ಗೆಳೆಯರು ಹೇಳಿದ್ದು ಅವರ ಕ್ಯಾಮೆರಾಗೆ ಸರಿ. ದೊಡ್ಡ ಸೆನ್ಸರ್‌ನಲ್ಲಿ ಅಪರ್ಚರ್ ಪೂರ್ತಿ ತೆರೆದರೆ ಹತ್ತಿರದ ಗಿಡ ಸ್ಪಷ್ಟ, ಹಿಂದಿನ ಊರು ಮಸುಕು. ಅದಕ್ಕೇ ಅವರು ಮುಚ್ಚುತ್ತಾರೆ. ನಮ್ಮ ಕ್ಯಾಮೆರಾಗೆ ಆ ತೊಂದರೆ ಇಲ್ಲ. ಒಂದು ಇಂಚು ಅನ್ನೋದು ಹೆಸರಿಗಷ್ಟೇ, ಸೆನ್ಸರ್‌ನ ನಿಜವಾದ ಅಳತೆ 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ. ದೊಡ್ಡ ಕ್ಯಾಮೆರಾಗಳಲ್ಲಿ ಬರುವ ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ ಇರುತ್ತದೆ. ಸೆನ್ಸರ್ ಚಿಕ್ಕದಾದ್ದರಿಂದ ಲೆನ್ಸಿನ ಫೋಕಲ್ ಲೆಂತ್ (ಲೆನ್ಸಿನಿಂದ ಚಿತ್ರ ಮೂಡುವ ಜಾಗದವರೆಗಿನ ದೂರ) ಕೂಡ ಚಿಕ್ಕದು, ಝೂಮ್ ಮಾಡದೇ ಇದ್ದಾಗ ಸುಮಾರು 9 ಮಿ.ಮೀ. ಹಾಗಾಗಿ ಎಫ್/1.8ರಲ್ಲೇ 4 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸುಮಾರು 2 ಮೀಟರ್‌ನಿಂದ ಹಿಡಿದು ಕಣ್ಣಿಗೆ ಕಾಣುವಷ್ಟು ದೂರದವರೆಗೂ ಸ್ಪಷ್ಟವಾಗಿ ಬರುತ್ತದೆ. ಎಫ್/11ರವರೆಗೆ ಮುಚ್ಚಿ ಗಳಿಸುವುದು ಏನೂ ಇಲ್ಲ.

ಕಳೆದುಕೊಳ್ಳುವುದು ಮಾತ್ರ ಬಹಳ. ತೂತು ಚಿಕ್ಕದಾದಷ್ಟು ಅದರ ಅಂಚಿನಲ್ಲಿ ಬೆಳಕು ಬಾಗಿ ಹರಡಿಕೊಳ್ಳುತ್ತದೆ. ಇದೇ ಡಿಫ್ರಾಕ್ಷನ್. ಎಫ್/11ರಲ್ಲಿ ಒಂದು ಚುಕ್ಕಿ ಬೆಳಕು ಸುಮಾರು 15 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು) ಅಗಲದ ಬಿಲ್ಲೆಯಾಗುತ್ತದೆ. 20 ಮೆಗಾಪಿಕ್ಸೆಲ್ ಇರುವ ಒಂದು ಇಂಚಿನ ಸೆನ್ಸರ್‌ನಲ್ಲಿ ಪಿಕ್ಸೆಲ್ ಅಗಲ 2.4 ಮೈಕ್ರಾನ್. ಅಂದರೆ ಒಂದು ದೀಪ ಆರು ಪಿಕ್ಸೆಲ್ ಅಗಲಕ್ಕೆ ಹರಡಿ ಕೂತಿದೆ. ನಿಮ್ಮ ಚಿತ್ರದ ಮಸುಕಿಗೆ ದೊಡ್ಡ ಕಾರಣ ಇದೇ. ಫೋಕಸ್ ತಪ್ಪಿದೆ ಅಂದುಕೊಂಡು ನಾನೂ ಮೊದಲು ತುಂಬಾ ದಿನ ಫೋಕಸ್ ಜೊತೆಗೇ ಗುದ್ದಾಡಿದ್ದೆ. ಉಣಕಲ್ ಕೆರೆಯ ನಡುವಿನ ವಿವೇಕಾನಂದರ ಮೂರ್ತಿಯನ್ನು ಎಷ್ಟು ಸಲ ತೆಗೆದರೂ ಅಂಚು ಚೂಪಾಗಿ ಬರುತ್ತಿರಲಿಲ್ಲ. ಒಂದು ಸಂಜೆ ಅದೇ ಜಾಗದಲ್ಲಿ ನಿಂತು ಎಫ್/2.8ಕ್ಕೆ ಇಳಿಸಿದೆ. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ ನೋಡಿದಾಗ ನಿಜವಾಗಲೂ ಖುಷಿಯಾಯಿತು.

ಇನ್ನೊಂದು, ಹೊತ್ತು. ಎಫ್/2.8ರಲ್ಲಿ ಬರುವ ಬೆಳಕಿನ ಹದಿನಾರನೇ ಒಂದು ಪಾಲು ಮಾತ್ರ ಎಫ್/11ರಲ್ಲಿ ಬರುತ್ತದೆ. 2 ಸೆಕೆಂಡಿಗೆ ಮುಗಿಯುವ ಚಿತ್ರಕ್ಕೆ 32 ಸೆಕೆಂಡ್ ಬೇಕು. ಬೆಟ್ಟದ ಮೇಲಿನ ಗಾಳಿಗೆ ಹಗುರ ಟ್ರೈಪಾಡ್ ಅಷ್ಟು ಹೊತ್ತು ಅಲುಗದೇ ನಿಲ್ಲುತ್ತದಾ? ನನ್ನದಂತೂ ನಿಲ್ಲಲಿಲ್ಲ. ಈಗ ಕಾಲುಗಳನ್ನು ಪೂರ್ತಿ ಉದ್ದ ಮಾಡುವುದಿಲ್ಲ, ನಡುವೆ ಬ್ಯಾಗ್ ತೂಗು ಹಾಕುತ್ತೇನೆ.

ಟ್ರೈಪಾಡ್ ಇದ್ದಾಗ ನಾನು ಇಡುವುದು ಹೀಗೆ: ಎಫ್/2.8, ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನೋ ಅಳತೆ) 125, ಶಟರ್ (ಬೆಳಕು ಒಳಬರುವ ಹೊತ್ತು) 2ರಿಂದ 6 ಸೆಕೆಂಡ್, 2 ಸೆಕೆಂಡಿನ ಟೈಮರ್. ಕೈ ಅಲುಗಾಟ ಸರಿಪಡಿಸುವ ಸ್ಟೆಬಿಲೈಸೇಶನ್ ಆಫ್. ಕತ್ತಲಾಗುವ ತನಕ ಕಾಯಬೇಡಿ. ಸೂರ್ಯ ಮುಳುಗಿ 20-25 ನಿಮಿಷಕ್ಕೆ ಆಕಾಶ ಕಡುನೀಲಿ ಇರುತ್ತದೆ, ಊರಿನ ದೀಪಗಳೂ ಹತ್ತಿರುತ್ತವೆ. ಆ ಹೊತ್ತು ಬೇಗ ಜಾರಿಹೋಗುತ್ತದೆ, ಅದಕ್ಕೆ ಮುಂಚೆಯೇ ಹೋಗಿ ಜಾಗ ಹಿಡಿಯಿರಿ.

ಬೀದಿದೀಪದ ಸುತ್ತ ನಕ್ಷತ್ರದ ಹಾಗೆ ಕಿರಣ ಬೇಕಿದ್ದರೆ ಮಾತ್ರ ಎಫ್/4 ದಾಟಿ ಎಫ್/5.6ಕ್ಕೆ ಹೋಗಬಹುದು. ಸ್ವಲ್ಪ ಚೂಪು ಕಡಿಮೆಯಾಗುತ್ತದೆ ಅಂತ ಗೊತ್ತಿದ್ದೇ ಹೋಗಿ.

ಸಿದ್ಧಾರೂಢ ಮಠದ ಜಾತ್ರೆಯಂಥ ಗದ್ದಲದಲ್ಲಿ ಟ್ರೈಪಾಡ್ ನಡೆಯುವುದಿಲ್ಲ. ಕೈಯಲ್ಲೇ ಹಿಡಿದು ಎಫ್/1.8, ಶಟರ್ 1/100 ಸೆಕೆಂಡಿನ ಆಸುಪಾಸು, ಐಎಸ್ಒ 1600ರವರೆಗೆ ಹೋದರೂ ಪರವಾಗಿಲ್ಲ. ಇಲ್ಲಿ ಒಂದೇ ಮಾತು ನೆನಪಿಡಿ: ಝೂಮ್ ಮಾಡಬೇಡಿ. ಲೆನ್ಸಿನ ಮೇಲೆ 1.8-4.9 ಅಂತ ಬರೆದಿದ್ದರೆ, ಪೂರ್ತಿ ಝೂಮ್‌ನಲ್ಲಿ ನೀವು ಏನೇ ಮಾಡಿದರೂ ಎಫ್/4.9ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಬೆಳಕು ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಿರ್ಚಿ ಕರಿಯುವವರ ಮುಖದ ಮೇಲಿನ ಬೆಳಕು ಬೇಕಾ? ನಾಲ್ಕು ಹೆಜ್ಜೆ ಹತ್ತಿರ ಹೋಗಿ, ಕೇಳಿ, ತೆಗೆಯಿರಿ.

ಇದನ್ನು ಓದುವವರಲ್ಲಿ ಇನ್ನೂ ಚಿಕ್ಕ, 1/2.3 ಇಂಚಿನ ಸೆನ್ಸರ್ ಇರುವವರಿಗೂ ಒಂದು ಮಾತು. ನಿಮ್ಮ ಕ್ಯಾಮೆರಾ ಎರಡೇ ಎಫ್ ನಂಬರ್ ತೋರಿಸುತ್ತಿದ್ದರೆ ಒಳಗೆ ಅಪರ್ಚರ್ ಬ್ಲೇಡೇ ಇಲ್ಲದಿರಬಹುದು. ದೊಡ್ಡ ನಂಬರ್ ಇಟ್ಟಾಗ ಬೂದು ಬಣ್ಣದ ಫಿಲ್ಟರ್ ಅಡ್ಡ ಬರುತ್ತದೆ, ಅಷ್ಟೇ. ರಾತ್ರಿ ಅದು ಸುಮ್ನೆ ಬೆಳಕು ನುಂಗುತ್ತದೆ. ಯಾವಾಗಲೂ ಚಿಕ್ಕ ನಂಬರೇ ಇಡಿ.

ಮತ್ತೆ ಬೆಟ್ಟ ಹತ್ತುವ ಮುಂಚೆ ಮನೆಯ ಮಾಳಿಗೆ ಮೇಲೆ ಕ್ಯಾಮೆರಾ ಇಟ್ಟು ದೂರದ ಬೀದಿದೀಪಗಳನ್ನು ಎಫ್/1.8, 2.8, 4, 11ರಲ್ಲಿ ಒಂದೊಂದು ಸಲ ತೆಗೆಯಿರಿ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ದೊಡ್ಡದು ಮಾಡಿ ನೋಡಿ. ಕೆಲವು ಲೆನ್ಸ್ ಎಫ್/1.8ರಲ್ಲಿ ಮೂಲೆಗಳಲ್ಲಿ ಸ್ವಲ್ಪ ಮೆದು ಇರುತ್ತವೆ. ನಿಮ್ಮದು ಹಾಗಿಲ್ಲದಿದ್ದರೆ 2.8ಕ್ಕೂ ಹೋಗುವ ಅಗತ್ಯವಿಲ್ಲ.