‘ಆ ಕ್ಲಾಸಿನಾಗ ಎಲ್ಲಾರೂ ನನ್ನಂಗ’

ಪ್ರತಿ ವರ್ಷ ಶಾಲೆ ಶುರುವಾಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಇಂಥ ಮೂರ್ನಾಲ್ಕು ಮಕ್ಕಳು ಕೌನ್ಸೆಲಿಂಗಿಗೆ ನನ್ನ ಬಳಿ ಬರುತ್ತಾರೆ. ಏಳನೆಯವರೆಗೆ ಊರಿನ ಕನ್ನಡ ಶಾಲೆ. ಎಂಟಕ್ಕೆ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಇಂಗ್ಲಿಷ್ ಮೀಡಿಯಂ. ಊರಲ್ಲಿ ಬಾಯಿಬಡುಕಿ ಅನಿಸಿಕೊಂಡ ಹುಡುಗಿ ಇಲ್ಲಿ ತುಟಿ ಬಿಚ್ಚುವುದಿಲ್ಲ. ಟೀಚರ್ ‘ಮಂಕು’ ಅಂತಾರೆ. ಮನೆಯವರು ಹೆದರುತ್ತಾರೆ.

ಈ ಹುಡುಗಿ ಹಾವೇರಿ ಕಡೆಯವಳು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಮನೆಯವರ ಒಪ್ಪಿಗೆಯೂ ಇದೆ. ತಂದೆಯದು ಸಣ್ಣ ವ್ಯಾಪಾರ. ಮಗಳಿಗಾಗಿಯೇ ಧಾರವಾಡದಲ್ಲಿ ಬಾಡಿಗೆ ಮನೆ ಮಾಡಿದ್ದರು. ಸಂಜೆ ಎರಡು ತಾಸು ಸ್ಪೋಕನ್ ಇಂಗ್ಲಿಷ್ ಟ್ಯೂಷನ್ ಇತ್ತು. ಶಾಲೆಯಲ್ಲಿ ಶನಿವಾರ ಪರೀಕ್ಷೆಗೆ ಸೇರದ ಎರಡು ಚಟುವಟಿಕೆ: ಆ ವರ್ಷವೇ ಶುರುವಾದ ಜರ್ಮನ್ ಕ್ಲಾಸು, ಮತ್ತು ಮಕ್ಕಳೇ ತರುವ ನಾಲ್ಕು ಪುಟದ ಇಂಗ್ಲಿಷ್ ಪತ್ರಿಕೆ. ಎರಡನ್ನೂ ಬಿಡಿಸಿ ಟ್ಯೂಷನ್ ಜಾಸ್ತಿ ಮಾಡಬೇಕೇ ಅನ್ನುವುದು ತಂದೆಯ ಪ್ರಶ್ನೆ. ಪತ್ರಿಕೆಯ ತಂಡಕ್ಕೆ ಹೆಸರು ಕೊಟ್ಟಿದ್ದಳು, ಆದರೆ ಮೊದಲ ಮೀಟಿಂಗಿನಲ್ಲಿ ತನ್ನ ಹೆಸರು ಹೇಳಲೂ ಆಗದೆ ಎದ್ದು ಬಂದಿದ್ದಳು.

ಮೊದಲು ಒಂದು ವಿಷಯ ನೋಡಿಕೊಂಡೆ. ಮನೆಯಲ್ಲಿ ಮಾತಾಡುತ್ತಾಳಾ? ಊರಿಗೆ ಹೋದಾಗ? ಗೆಳತಿಯರ ಜೊತೆ? ಎಲ್ಲ ಕಡೆ ಚೆನ್ನಾಗಿ ಮಾತಾಡುತ್ತಿದ್ದಳು. ಕೆಲವು ಮಕ್ಕಳಿಗೆ ಆತಂಕದಿಂದ ಕೆಲವೇ ಜಾಗಗಳಲ್ಲಿ ಬಾಯಿ ಕಟ್ಟುತ್ತದೆ. ಅದು ಸಾಮಾನ್ಯವಾಗಿ ಐದು ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ. ಭಾಷೆ ಬಾರದ್ದಕ್ಕೆ ಸುಮ್ಮನಿರುವ ಮಗುವಿಗೆ ಆ ತೊಂದರೆಯ ಹೆಸರು ಹಚ್ಚಬಾರದು. ಮನೆಯಲ್ಲೂ ಮಾತು ನಿಂತಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ನಾನೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸುತ್ತಿದ್ದೆ. ಇವಳಿಗೆ ಅದು ಬೇಕಿರಲಿಲ್ಲ.

ಮೊದಲ ಎರಡು ಭೇಟಿ ವ್ಯರ್ಥವಾದವು. ತಪ್ಪು ನನ್ನದು. ಅಭ್ಯಾಸಬಲದಿಂದ ಅರ್ಧ ಇಂಗ್ಲಿಷಿನಲ್ಲೇ ‘ಫೀಲಿಂಗ್’, ‘ಕಂಫರ್ಟಬಲ್’ ಅಂತ ಕೇಳುತ್ತಿದ್ದೆ. ಅವಳು ತಲೆ ಆಡಿಸಿ ಕೂತಿದ್ದಳು. ನಾನೂ ಅವಳಿಗೆ ಇನ್ನೊಬ್ಬ ಟೀಚರೇ ಆಗಿದ್ದೆ.

ಮೂರನೆಯ ಸಲ ಪೂರ್ತಿ ನಮ್ಮ ಮಾತಿನಲ್ಲೇ ಕೇಳಿದೆ: “ವಾರದಾಗ ಯಾವ ದಿನ ಸಾಲಿಗೆ ಹೋಗ್ಬೇಕು ಅನಸ್ತೈತವಾ?”

“ಶನಿವಾರ.”

ಅರ್ಧ ದಿನ ರಜೆ ಅಂತಲೋ ಏನೋ ಅಂದುಕೊಂಡೆ.

“ಅಲ್ರಿ. ಜರ್ಮನ್ ಇರ್ತೈತಿ. ಆ ಕ್ಲಾಸಿನಾಗ ಎಲ್ಲಾರೂ ನನ್ನಂಗ ಇರ್ತಾರ್ರಿ.”

ಈ ಮಾತು ಕೇಳಿ ನಾನು ಬರೆಯುವುದನ್ನು ನಿಲ್ಲಿಸಿದೆ. ಇಂಗ್ಲಿಷ್ ಪೀರಿಯಡ್‌ನಲ್ಲಿ ಪಕ್ಕದ ಹುಡುಗ ಅವಳಿಗಿಂತ ಎಂಟು ಹತ್ತು ವರ್ಷ ಮುಂದಿದ್ದಾನೆ. ಎಲ್‌ಕೆಜಿಯಿಂದ ಅದೇ ಭಾಷೆ, ಮನೆಯಲ್ಲೂ ಅದೇ. ಇವಳು ಎಷ್ಟು ಓಡಿದರೂ ಅವನ ಬೆನ್ನೇ ಕಾಣುವುದು. ಜರ್ಮನ್ ಕ್ಲಾಸಿನಲ್ಲಿ ಮಾತ್ರ ಡಾಕ್ಟರ ಮಗನೂ ಇವಳೂ ಒಂದೇ ದಿನ ‘ಇಶ್’ ಅಂದರೆ ‘ನಾನು’ ಅಂತ ಕಲಿತರು. ಅಲ್ಲಿ ಎಲ್ಲರೂ ತಡವರಿಸುತ್ತಾರೆ. ತಪ್ಪು ಮಾಡಿದರೆ ಯಾರೂ ಹಿಂತಿರುಗಿ ನೋಡುವುದಿಲ್ಲ. ದಡ್ಡತನ ಇವಳದಾಗಿದ್ದರೆ ಅಲ್ಲೂ ಕಾಣಬೇಕಿತ್ತು, ಅಲ್ವಾ?

ಆಮೇಲೆ ಅವಳನ್ನು ನಿಲ್ಲಿಸಲು ಆಗಲಿಲ್ಲ. ಜರ್ಮನ್‌ನಲ್ಲಿ ಹುಡುಗಿಗೆ ‘ದಾಸ್ ಮೇಡ್ಷೆನ್’ ಅನ್ನುತ್ತಾರಂತೆ, ಅದು ನಪುಂಸಕ ಲಿಂಗವಂತೆ. ಎಲ್ಲರೂ ನಕ್ಕಾಗ ಇವಳು ನಗಲಿಲ್ಲ. “ನಾವೂ ‘ಕೂಸು ಅಳ್ತೈತಿ’ ಅಂತೀವಲ್ರಿ.” ‘ನಾನು ಜರ್ಮನ್ ಮಾತಾಡಬಲ್ಲೆ’ ಅನ್ನುವುದಕ್ಕೆ ‘ಇಶ್ ಕಾನ್ ಡಾಯ್ಚ್ ಶ್ಪ್ರೆಶೆನ್’ ಅನ್ನಬೇಕು. ಮಾತಾಡು ಅನ್ನುವ ಪದ ಕೊನೆಗೆ ಬರುತ್ತದೆ. “ಅವ್ರೆಲ್ಲಾ ಇಂಗ್ಲಿಷ್‌ನಂಗ ಅದನ್ನ ನಡುವ ಹಾಕಿ ತಪ್ಪ ಮಾಡ್ತಾರ್ರಿ. ನಾ ಕನ್ನಡದಂಗ ಕೊನಿಗೆ ಇಡ್ತೀನಿ. ಬರೋಬ್ಬರಿ ಆಗ್ತೈತಿ.”

ಯಾವ ಕನ್ನಡದಿಂದಾಗಿ ಅವಳನ್ನು ಹಿಂದಿನ ಬೆಂಚಿಗೆ ಕಳಿಸಿದ್ದರೋ ಅದೇ ಕನ್ನಡ ಇಲ್ಲಿ ಕೈ ಹಿಡಿದಿತ್ತು. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ತಾನೇ ಕಂಡುಕೊಂಡಿದ್ದಳು.

ನಾನು ಕೊಟ್ಟ ಸಲಹೆ ತಂದೆಗೆ ಹಿಡಿಸಲಿಲ್ಲ. ಮೂರು ತಿಂಗಳು ಟ್ಯೂಷನ್ ನಿಲ್ಲಿಸಿ ಅಂದೆ. ಜರ್ಮನ್ ಬಿಡಿಸಬೇಡಿ. ಬೀಗರು ಬಂದಾಗ ‘ಇಂಗ್ಲಿಷ್ ಮಾತಾಡಿ ತೋರಿಸು’ ಅನ್ನಬೇಡಿ. ಪತ್ರಿಕೆಗೂ ಹೋಗಲಿ, ಆದರೆ ಅಲ್ಲಿ ಸುದ್ದಿ ಕೇಳುವುದು ಮತ್ತು ಬರೆಯುವುದು ಮೊದಲು ಕನ್ನಡದಲ್ಲಿ. ಆಮೇಲೆ ಇಂಗ್ಲಿಷ್ ಬರುವ ಜೊತೆಗಾರ್ತಿಯ ಪಕ್ಕ ಕೂತು ಸಾಲು ಸಾಲಾಗಿ ಇಂಗ್ಲಿಷಿಗೆ ತರಲಿ. ಇಬ್ಬರ ಹೆಸರೂ ಅಚ್ಚಾಗಲಿ. ಪತ್ರಿಕೆ ನೋಡಿಕೊಳ್ಳುವ ಟೀಚರ್‌ಗೆ ಇದನ್ನು ಚೀಟಿಯಲ್ಲೇ ಬರೆದು ಕಳಿಸಿದೆ.

“ಇಂಗ್ಲಿಷೇ ಬರವಲ್ದು, ಜರ್ಮನ್ ತಗೊಂಡು ಏನ್ ಮಾಡ್ತಾಳ್ರಿ?” ಅಂದರು ತಂದೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರೂ ‘ಬಡವರ ಮಕ್ಕಳ ಮೇಲೆ ಪ್ರಯೋಗ ಬೇಡ’ ಅಂದರು. ಆ ಮಾತು ನನಗೆ ನಾಟಿತು, ಇವತ್ತಿಗೂ ನೆನಪಿದೆ. ಇಂಗ್ಲಿಷ್ ಬೇಡ ಅಂತ ನಾನು ಯಾವ ತಂದೆಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ದಿನವಿಡೀ ಸೋತು ಬಂದ ಮಗುವನ್ನು ಸಂಜೆ ಎರಡು ತಾಸು ಮತ್ತೆ ಅದೇ ಅಖಾಡಕ್ಕೆ ಇಳಿಸಿದರೆ ಕುಸ್ತಿ ಬರುವುದಿಲ್ಲ, ಅಖಾಡದ ಭಯ ಬರುತ್ತದೆ. ತಾನು ಕಲಿಯಬಲ್ಲೆ ಅನ್ನುವುದು ಎಲ್ಲಾದರೂ ಒಂದು ಕಡೆ ಖಾತ್ರಿಯಾಗಬೇಕು. ಇವಳಿಗೆ ಅದು ಜರ್ಮನ್‌ನಲ್ಲಿ ಸಿಕ್ಕಿತ್ತು. ಇನ್ನೊಬ್ಬರಿಗೆ ಕಬಡ್ಡಿಯಲ್ಲೋ ತಬಲಾದಲ್ಲೋ ಸಿಗಬಹುದು. ಸಿಕ್ಕ ಜಾಗವನ್ನೇ ಮೊದಲು ಕಿತ್ತುಕೊಳ್ಳುವುದು ನಾವು ಪಾಲಕರು ಮಾಡುವ ದೊಡ್ಡ ತಪ್ಪು.

ತಂದೆಗೆ ಇನ್ನೊಂದು ಮಾತು ಹೇಳಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ತಂದವರು ಹರ್ಮನ್ ಮೋಗ್ಲಿಂಗ್, ಜರ್ಮನಿಯವರು. ನಮ್ಮಲ್ಲಿ ಪತ್ರಿಕಾ ದಿನ ಅಂತ ಆಚರಿಸುವುದು ಅದೇ ಜುಲೈ 1ನ್ನು. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟಿಸಿದ ಕಿಟೆಲ್ ಕೂಡ ಜರ್ಮನಿಯವರೇ. ಅವರೂ ಒಂದು ದಿನ ಕನ್ನಡದ ‘ಅ’ ತಿದ್ದಿದವರೇ, ಎಡವಿದವರೇ. “ಕಿಟೆಲ್ ಕಾಲೇಜ್ ಮುಂದ ದಿನಾ ಅಡ್ಡಾಡ್ತೀನ್ರಿ, ಇದು ಗೊತ್ತಿರ್ಲಿಲ್ಲ” ಅಂದರು. ಒಪ್ಪಿದರು ಅಂತ ಹೇಳಲಾರೆ. ಮೂರು ತಿಂಗಳು ನೋಡೋಣ ಅಂದರು.

ಇಂಗ್ಲಿಷ್ ಅಂಕ ಇನ್ನೂ ಕಡಿಮೆಯೇ ಇದೆ. ಅರ್ಧವಾರ್ಷಿಕದಲ್ಲಿ ಪಾಸಾದಳು ಅಷ್ಟೇ.

ಪತ್ರಿಕೆಗೆ ಅವಳು ಆರಿಸಿಕೊಂಡ ಸುದ್ದಿ ಶಾಲೆಯ ಗಂಟೆ ಹೊಡೆಯುವ ಕಾಕಾ. ದಿನಕ್ಕೆ ಎಷ್ಟು ಸಲ ಹೊಡೀತೀರಿ, ಜ್ವರ ಬಂದಾಗ ಯಾರು ಹೊಡೀತಾರ, ಮನೆಯಲ್ಲೂ ಗಂಟೆ ಕೇಳಿದಂಗ ಆಗ್ತೈತೇನು ಅಂತ ಕೇಳಿದ್ದಳು. ಆ ಪತ್ರಿಕೆಯಲ್ಲಿ ಅಲ್ಲಿವರೆಗೆ ಯಾರೂ ಅವರ ಬಗ್ಗೆ ಬರೆದಿರಲಿಲ್ಲ. ಇಂಗ್ಲಿಷಿನಲ್ಲಿ ಕೇಳಿದ್ದರೆ ಅವರು ಉತ್ತರ ಕೊಡುತ್ತಲೂ ಇರಲಿಲ್ಲ.

ಸಂಚಿಕೆ ಬಂದ ದಿನ ಕಾಕಾ ಅದನ್ನು ಹಿಡಿದುಕೊಂಡು “ಏನ್ ಬರದೀಯವ್ವಾ?” ಅಂದರಂತೆ. ಅವಳು ಚೀಲದಿಂದ ಕನ್ನಡದ ನೋಟ್‌ಬುಕ್ ತೆಗೆದು ಓದಿ ಹೇಳಿದಳಂತೆ. ‘ದಿನಕ್ಕೆ 11 ಸಲ’ ಅಂತ ಬಂದಾಗ ಅವರು ತಡೆದರಂತೆ. ಬುಧವಾರ ಪಿಟಿ ಇರುತ್ತದೆ, ಅವತ್ತು 12.

ಇದನ್ನು ಹೇಳುವಾಗ ಅವಳ ಮುಖ ಬಾಡಿರಲಿಲ್ಲ. “ಮುಂದಿನ ಸಂಚಿಕೆಯೊಳಗ ತಿದ್ದುಪಡಿ ಹಾಕ್ತೀನ್ರಿ ಮ್ಯಾಡಮ್” ಅಂದಳು. “ನನ್ನ ಹೆಸರು ಹಾಕೇ.”